ಹಾಡು ಕಿವಿಗೆ, ಅಂಗಡಿ ಕಣ್ಣಿಗೆ



ಕಣ್ಣು ಕಾಣದವರ ಮಾತು ಬಂದರೆ ನಮ್ಮ ಕಲಬುರಗಿ ಕಡೆಯ ಜನ ಎರಡನೆಯ ಮಾತಿಗೇ ಸಂಗೀತಕ್ಕೆ ಬಂದುಬಿಡುತ್ತಾರೆ. 'ಹಾಡ್ತಾನೇನ್ರಿ? ಪೆಟ್ಟಿಗಿ ಬಾರಸ್ತಾನೇನ್ರಿ?' ಎಂದು ಕೇಳುತ್ತಾರೆ. ಹಾಗೆ ಕೇಳುವುದಕ್ಕೆ ಕಾರಣವೂ ಇದೆ. ಕುರುಡರಿಗೆ ಸಂಗೀತ ಕಲಿಸುವ ಗದುಗಿನ ವೀರೇಶ್ವರ ಪುಣ್ಯಾಶ್ರಮದ ನೆರಳು ಚಿತ್ತಾಪುರ, ಸೇಡಂ, ಚಿಂಚೋಳಿಯವರೆಗೂ ಚಾಚಿದೆ. 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳಿಗೂ ಕಣ್ಣಿರಲಿಲ್ಲ, 1944ರಲ್ಲಿ ಅವರ ತರುವಾಯ ಆಶ್ರಮದ ಹೊಣೆ ಹೊತ್ತ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. 2010ರಲ್ಲಿ ಪುಟ್ಟರಾಜರು ಲಿಂಗೈಕ್ಯರಾಗುವ ಹೊತ್ತಿಗೆ ಅವರಲ್ಲಿ ಕಲಿತವರು ಪುರಾಣ ಪ್ರವಚನಕ್ಕೆ ಹಾರ್ಮೋನಿಯಂ ಪೆಟ್ಟಿಗೆ ನುಡಿಸುತ್ತಿದ್ದರು, ಸಾಲಿಯಲ್ಲಿ ಸಂಗೀತ ಹೇಳುತ್ತಿದ್ದರು, ಆಕಾಶವಾಣಿಯಲ್ಲಿ ಹಾಡುತ್ತಿದ್ದರು. ನನಗೆ ಸರಿಗಮ ಹೇಳಿಕೊಟ್ಟ ಮಾಸ್ತರರೂ ಆಶ್ರಮದ ಪ್ರಸಾದ ಉಂಡು ಬೆಳೆದವರೇ.

ಹೀಗಾಗಿ ಸಂಗೀತವೆಂದರೆ ಕುರುಡರಿಗೆ ಹುಟ್ಟಿನಿಂದ ಬಂದ ಹೊಲವಿದ್ದಂತೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಆ ನಂಬಿಕೆ ಎಷ್ಟು ಗಟ್ಟಿಯೆಂದರೆ, ಈ ಮನುಷ್ಯ ತನಗೆ ಬೇಕಾದ ಹಾಡನ್ನು ಕೊಳ್ಳುವುದು ಹೇಗೆ ಎಂದು ಯಾರೂ ಕೇಳುವುದೇ ಇಲ್ಲ. ಪುಸ್ತಕದ ವಿಷಯದಲ್ಲಿ ಕೇಳಿದ್ದಾರೆ. ಅಚ್ಚಾದ ಪುಸ್ತಕವನ್ನು ಕುರುಡರು ಓದಲಾರರು ಎಂಬುದು ಎಲ್ಲರಿಗೂ ತಿಳಿಯುವ ಸಂಗತಿ. ಅದಕ್ಕಾಗಿ 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಬಂತು. 2013ರಲ್ಲಿ ಮೊರಾಕ್ಕೊ ದೇಶದ ಮರಾಕೇಶ್‌ನಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವೇ ಆಯಿತು, 2014ರಲ್ಲಿ ಅದನ್ನು ಅನುಮೋದಿಸಿದ ಮೊದಲ ದೇಶ ಭಾರತ. 2016ರಲ್ಲಿ 'ಸುಗಮ್ಯ ಪುಸ್ತಕಾಲಯ' ಎಂಬ ಆನ್‌ಲೈನ್ ಗ್ರಂಥಾಲಯ ಬಂತು. ಹಾಡಿಗೆ ಮಾತ್ರ ಇಂಥದ್ದೇನೂ ಬರಲಿಲ್ಲ. ಹಾಡು ಕಿವಿಗೆ ಬೀಳುತ್ತದೆ, ಕಿವಿ ನೆಟ್ಟಗಿದೆ, ಇನ್ನೇನು ತೊಂದರೆ ಎಂದುಕೊಂಡರು.

ತೊಂದರೆ ಇರುವುದು ಅಂಗಡಿಯಲ್ಲಿ. ಹಾಡನ್ನು ಕಿವಿಗೆಂದು ಮಾಡುತ್ತಾರೆ, ಅದನ್ನು ಮಾರುವ ಅಂಗಡಿಯನ್ನು ಕಣ್ಣಿಗೆಂದು ಕಟ್ಟುತ್ತಾರೆ. ಇವತ್ತು ನಾನು ಹೇಳಬೇಕೆಂದಿರುವುದು ಈ ಅಂಗಡಿಯ ಕಥೆ.

ಕ್ಯಾಸೆಟ್ಟಿನ ಕಾಲ ನನ್ನಂಥ ಕುರುಡರಿಗೆ ಚೆನ್ನಾಗಿತ್ತು. ವಾಡಿ ಜಂಕ್ಷನ್ ನಮ್ಮೂರು ರಾವೂರಿನ ಮಗ್ಗುಲಲ್ಲೇ ಇದೆ. ಮುಂಬೈ ಕಡೆಯ ಹಳಿ, ಚೆನ್ನೈ ಕಡೆಯ ಹಳಿ, ಸಿಕಂದರಾಬಾದಿನ ಹಳಿ ಕೂಡುವ ಜಾಗ. ಅದಕ್ಕೇ ಅಲ್ಲಿಯ ಕ್ಯಾಸೆಟ್ ಅಂಗಡಿಯಲ್ಲಿ ಕನ್ನಡ, ತೆಲುಗು, ಮರಾಠಿ, ಹಿಂದಿ, ಕವ್ವಾಲಿ ಎಲ್ಲ ಒಟ್ಟಿಗೆ ಕೂತಿರುತ್ತಿದ್ದವು. ಅಂಗಡಿಯವ 'ಮಾಸ್ತರ್ರೆ, ಯಾವ್ದು ಬೇಕ್ರಿ?' ಎಂದು ಕೇಳಿ, ಕ್ಯಾಸೆಟ್ ತೆಗೆದು, ನಾಕು ಸಾಲು ಹಚ್ಚಿ ಕೇಳಿಸುತ್ತಿದ್ದ. ಬೇಕಾದರೆ ತಗೋ, ಬ್ಯಾಡಾದರೆ ಇಡು. ಮನೆಗೆ ತಂದ ಮೇಲೆ ಕೈಯೇ ಕಣ್ಣು. ಎರಡು ಸುರುಳಿಗಳಲ್ಲಿ ಯಾವ ಕಡೆ ಟೇಪು ದಪ್ಪಗಿದೆ ಎಂದು ಅಲುಗಾಡಿಸಿ, ತೂಕ ನೋಡಿ, ಹಾಡು ಶುರುವಿನಲ್ಲಿದೆಯೋ ಮುಗಿಯಲು ಬಂದಿದೆಯೋ ಹೇಳಬಹುದಿತ್ತು. ಮ್ಯಾಲಿನ ಅಂಚಿನ ಎರಡು ಚಿಕ್ಕ ಪ್ಲಾಸ್ಟಿಕ್ ಚೂರುಗಳು ಮುರಿದಿದ್ದರೆ ಅದು ಕಂಪನಿಯದಿರಬೇಕು, ಸುಲಭಕ್ಕೆ ಯಾರೂ ಅಳಿಸಲಾರರು. ಯಾರ ಹಾಡೆಂದು ಗುರುತಿಗೆ ಭೀಮಸೇನ ಜೋಶಿಯವರ ಡಬ್ಬಿಗೆ ಒಂದು ಸುತ್ತು ದಾರ, ಮಲ್ಲಿಕಾರ್ಜುನ ಮನ್ಸೂರರದಕ್ಕೆ ಎರಡು ಸುತ್ತು, ಬಸವರಾಜ ರಾಜಗುರುಗಳದಕ್ಕೆ ಒಂದು ಗಂಟು. ಮನೆಯವರು ಕಸ ಹೊಡೆಯುವಾಗ ಡಬ್ಬಿ ಅದಲುಬದಲು ಮಾಡದಿದ್ದರೆ ಸಾಕಿತ್ತು.

ಇನ್ನೂ ಹಿಂದಕ್ಕೆ ಹೋದರೆ ಸೋಜಿಗದ ಒಂದು ಸಂಗತಿ ಸಿಗುತ್ತದೆ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಗ್ರಾಮಫೋನ್ ಕಂಪನಿಯವ ಕಲಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡ. ಮೂರು ನಿಮಿಷದ ಆ ಪ್ಲೇಟುಗಳ ಕೊನೆಗೆ ಗೌಹರ್ ಜಾನ್ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಾರೆ. ಇದು ಠೀವಿಗೆ ಹೇಳಿದ್ದಲ್ಲ. ಮುದ್ರಿಸಿದ ಅಚ್ಚುಗಳು ಜರ್ಮನಿಯ ಹ್ಯಾನೋವರಿನ ಕಾರ್ಖಾನೆಗೆ ಹೋಗಬೇಕಿತ್ತು. ಅಲ್ಲಿಯವರಿಗೆ ನಮ್ಮ ಭಾಷೆ ಬಾರದು, ಯಾರ ಪ್ಲೇಟಿಗೆ ಯಾರ ಚೀಟಿ ಅಂಟಿಸಬೇಕು ಎಂದು ತಿಳಿಯಲಿ ಎಂದು ಮಾಡಿದ ಉಪಾಯ. ಕಾರಣ ಏನೇ ಇರಲಿ, ಚೀಟಿ ಓದಲಾರದವನಿಗೂ ಇದು ಯಾರ ಹಾಡೆಂದು ಆ ಪ್ಲೇಟೇ ಹೇಳುತ್ತಿತ್ತು. ನೂರಿಪ್ಪತ್ತು ವರ್ಷಗಳ ಮೇಲೆ ನನ್ನ ಫೋನಿನಲ್ಲಿರುವ ಎಷ್ಟೋ ಹಾಡುಗಳಿಗೆ ಆ ಗುಣವಿಲ್ಲ.

ಹಾಡು ಯಾರದೆಂಬ ಗುರುತು ಹೋದದ್ದು ಮೆಮೊರಿ ಕಾರ್ಡಿನ ಕಾಲದಲ್ಲಿ. ಡಿಜಿಟಲ್ ಸಂಗೀತ ನಮ್ಮ ಭಾಗಕ್ಕೆ ಬಂದದ್ದು ಇಂಟರ್‌ನೆಟ್ಟಿನ ದಾರಿಯಿಂದಲ್ಲ, ಮೊಬೈಲ್ ರಿಪೇರಿ ಅಂಗಡಿಯ ದಾರಿಯಿಂದ. ಶಹಾಬಾದಿನಲ್ಲಿ, ವಾಡಿಯಲ್ಲಿ, ಸೇಡಂ ಬಸ್‌ಸ್ಟ್ಯಾಂಡಿನ ಎದುರಿಗೆ, ಫರ್ಸಿ ಕಲ್ಲಿನ ಖಣಿಗೆ ಹೋಗುವ ಹುಡುಗರು, ಸಿಮೆಂಟ್ ಲಾರಿಯ ಡ್ರೈವರುಗಳು ಕಾರ್ಡು ಕೊಟ್ಟು ಹತ್ತಿಪ್ಪತ್ತು ರೂಪಾಯಿಗೆ ಹಾಡು 'ತುಂಬಿಸಿಕೊಂಡು' ಬರುತ್ತಿದ್ದರು. ನಾನೂ ತುಂಬಿಸಿಕೊಂಡಿದ್ದೇನೆ. ಹಾಡಿದವರಿಗೆ ಅದರಲ್ಲಿ ಒಂದು ಪೈಸೆ ಹೋಗುತ್ತಿರಲಿಲ್ಲ ಎಂಬುದು ಒಂದು ಮಾತು. ಕುರುಡನಿಗೆ ಇನ್ನೊಂದು ಪೇಚು ಇತ್ತು. ಸಾವಿರಾರು ಹಾಡುಗಳಿಗೆ 'ಟ್ರ್ಯಾಕ್ ಒಂದು', 'ಟ್ರ್ಯಾಕ್ ಎರಡು' ಎಂಬ ಹೆಸರು, ಇಲ್ಲವೆ ಕದ್ದು ಹಾಕಿದ ಯಾವುದೋ ವೆಬ್‌ಸೈಟಿನ ಹೆಸರು. ಕಡಕೋಳ ಮಡಿವಾಳಪ್ಪನವರ ಒಂದು ತತ್ವಪದ ಬೇಕೆಂದರೆ ಇಡೀ ಕಾರ್ಡನ್ನು ಒಂದರ ಹಿಂದೊಂದು ಒತ್ತುತ್ತ ಕೂಡಬೇಕು. ದಾರದ ಗಂಟು ಕಟ್ಟಲು ಅಲ್ಲಿ ಡಬ್ಬಿಯೇ ಇಲ್ಲ.

ಇಂಥ ಹೊತ್ತಿಗೆ ಬಂದದ್ದು ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್. ಕಣ್ಣಿದ್ದ ಕೇಳುಗರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸ್ಕ್ರೀನ್ ರೀಡರ್ ಸಾಮಾನ್ಯವಾಗಿ ಪರದೆಯ ಚಿತ್ರವನ್ನು ನೋಡುವುದಿಲ್ಲ. ಪ್ರತಿ ಆ್ಯಪಿನ ಒಳಗೆ, ಚಿತ್ರದ ಹಿಂದೆ, ಒಂದು ಯಾದಿ ಇರುತ್ತದೆ: ಇದು ಗುಂಡಿ, ಇದರ ಹೆಸರು ಇದು, ಇದು ಒತ್ತಿದೆ ಅಥವಾ ಒತ್ತಿಲ್ಲ ಎಂದು. ಸ್ಕ್ರೀನ್ ರೀಡರ್ ಓದುವುದು ಆ ಯಾದಿಯನ್ನು. ಬೆರಳನ್ನು ಬಲಕ್ಕೆ ಸವರಿದರೆ ಮುಂದಿನ ಬಾಬು, ಎಡಕ್ಕೆ ಸವರಿದರೆ ಹಿಂದಿನದು, ಬೇಕಾದದ್ದು ಕೇಳಿಸಿದಾಗ ಎರಡು ಸಲ ತಟ್ಟಿದರೆ ಅದು ಒತ್ತಿದಂತೆ. ಆ್ಯಪ್ ಬರೆದವನು ಗುಂಡಿಯ ಚಿತ್ರ ಬಿಡಿಸಿ ಹೆಸರು ಬರೆಯುವುದನ್ನು ಬಿಟ್ಟಿದ್ದರೆ, ನನ್ನ ಕಿವಿಗೆ ಬರುವುದು 'ಹೆಸರಿಲ್ಲದ ಗುಂಡಿ' ಎಂಬ ಅರ್ಥದ ಎರಡು ಇಂಗ್ಲಿಷ್ ಶಬ್ದ ಮಾತ್ರ. ಹಿಂದೆ ಕಂಪ್ಯೂಟರಿಗೆ ಜಾಸ್ ಎಂಬ ಸ್ಕ್ರೀನ್ ರೀಡರ್ ಇತ್ತು, ಅದರ ಬೆಲೆ ಕೇಳಿದರೆ ನಮ್ಮಂಥವರು ಕೈಮುಗಿಯುತ್ತಿದ್ದರು. 2006ರಲ್ಲಿ ಆಸ್ಟ್ರೇಲಿಯಾದ ಮೈಕೇಲ್ ಕರನ್ ಎಂಬ ಕುರುಡ ಯುವಕ ಎನ್‌ವಿಡಿಎ ಎಂಬುದನ್ನು ಬರೆಯಲು ಶುರುಮಾಡಿದ, ಜೇಮ್ಸ್ ಟೆಹ್ ಎಂಬ ಇನ್ನೊಬ್ಬ ಕುರುಡ ಗೆಳೆಯ ಅವನ ಜತೆಗೂಡಿದ. ಅವರು ಅದನ್ನು ಪುಕ್ಕಟೆಯಾಗಿ ಕೊಟ್ಟರು, ಇವತ್ತಿಗೂ ಪುಕ್ಕಟೆಯೇ. 2009ರಲ್ಲಿ ಐಫೋನಿಗೆ ವಾಯ್ಸ್‌ಓವರ್, ಆಂಡ್ರಾಯ್ಡಿಗೆ ಟಾಕ್‌ಬ್ಯಾಕ್ ಬಂದವು. ನುಣ್ಣನೆಯ ಗಾಜಿನ ಫೋನು ಬಂದಾಗ, ಗುಂಡಿಗಳೇ ಇಲ್ಲದ ಈ ಹಲಗೆಯನ್ನು ನಾವೇನು ಮಾಡುವುದು ಎಂದು ಕುರುಡರೆಲ್ಲ ಗಾಬರಿಬಿದ್ದಿದ್ದರು. ಅದೇ ಹಲಗೆ ಮಾತಾಡತೊಡಗಿತು.

ಕನ್ನಡ ಮಾತಾಡುವುದಕ್ಕೆ ಮಾತ್ರ ಹೊತ್ತು ಹಿಡಿಯಿತು. ಮೊದಲು ಸಿಕ್ಕದ್ದು ಇಸ್ಪೀಕ್ ಎಂಬ ತಗಡಿನ ದನಿ. ಅದಕ್ಕೆ ಭಾವವಿಲ್ಲ, ರಾಗವಿಲ್ಲ, ಆದರೆ ಅಕ್ಷರ ಬಿಡುವುದಿಲ್ಲ, ಎಷ್ಟು ಜೋರಾಗಿ ಓಡಿಸಿದರೂ ತೊದಲುವುದಿಲ್ಲ. ಈಗ ಬಂದಿರುವ ಮೆತ್ತನೆಯ ಹೆಣ್ಣುದನಿಗಳಿಗಿಂತ ಆ ತಗಡಿನ ದನಿಯನ್ನೇ ಇಷ್ಟಪಡುವ ಹಳಬರು ಬಹಳ ಮಂದಿ ಇದ್ದಾರೆ. ನಾನೂ ಅವರಲ್ಲಿ ಒಬ್ಬ.

ಈಗ ಅಂಗಡಿಗೆ ಹೋಗೋಣ. ನನಗೆ ಒಂದು ತತ್ವಪದದ ಆಲ್ಬಂ ಬೇಕು ಎನ್ನಿ. ರೊಕ್ಕ ಕೊಟ್ಟು ಇಳಿಸಿಕೊಂಡು ನನ್ನ ಮೆಮೊರಿ ಕಾರ್ಡಿನಲ್ಲಿ ಇಟ್ಟುಕೊಳ್ಳಬೇಕು.

ಮೊದಲನೆಯ ಗೋಳು ಹುಡುಕುವುದರಲ್ಲೇ. ಕನ್ನಡ ಹಾಡುಗಳ ಹೆಸರನ್ನು ಈ ಅಂಗಡಿಗಳಲ್ಲಿ ಕನ್ನಡ ಲಿಪಿಯಲ್ಲಿ ಬರೆಯುವುದು ಅಪರೂಪ, ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತಾರೆ. ತತ್ವಪದ ಎನ್ನುವುದಕ್ಕೆ ಒಬ್ಬ ಒಂದು 'ಟಿ' ಹಾಕಿದರೆ ಇನ್ನೊಬ್ಬ ಎರಡು, ಮತ್ತೊಬ್ಬ ಎಲ್ಲ ಕಡೆ 'ಎಚ್' ತುರುಕಿರುತ್ತಾನೆ. ಕಣ್ಣಿದ್ದವರು ಸುಮ್ಮನೆ ಕಣ್ಣಾಡಿಸಿ, 'ಇದೇ ಇರಬೇಕು' ಎಂದು ಹಿಡಿಯುತ್ತಾರೆ. ನನಗೆ ಅದನ್ನು ಇಂಗ್ಲಿಷ್ ದನಿ ಓದಿ ಹೇಳುತ್ತದೆ. ಮಡಿವಾಳಪ್ಪ ಅದರ ಬಾಯಲ್ಲಿ 'ಮ್ಯಾಡಿವಲಾಪ' ಆಗುತ್ತಾನೆ, ತತ್ವಪದ ಬರೆದ ಚೆನ್ನೂರ ಜಲಾಲಸಾಬರು ಯಾವುದೋ ದೇಶದ ಮಂತ್ರಿಯಂತೆ ಕೇಳಿಸುತ್ತಾರೆ. ಕಿವಿಗೆ ಬಿದ್ದದ್ದನ್ನು ಮನಸ್ಸಿನಲ್ಲಿ ತಿರುಗಿ ಇಂಗ್ಲಿಷ್ ಅಕ್ಷರ ಮಾಡಿ, ಆ ಅಕ್ಷರವನ್ನು ಕನ್ನಡ ಮಾಡಿ, ಆಮೇಲೆ ಓಹೋ ಎನ್ನಬೇಕು. ಸೇಡಂ ಗಡಿಯ ಕಡೆಯವರ ಕಷ್ಟ ಇನ್ನೂ ಹೆಚ್ಚು. ಅಲ್ಲಿ ಒಂದೇ ಮನೆಯಲ್ಲಿ ಕನ್ನಡದ ವಚನ, ತೆಲುಗಿನ ಭಜನೆ, ಕಲಬುರಗಿಯ ಬಂದೇ ನವಾಜ್ ಉರುಸಿನ ಕವ್ವಾಲಿ ಮೂರನ್ನೂ ಕೇಳುತ್ತಾರೆ. ಉರ್ದು ಲಿಪಿಯಲ್ಲಿ ಬರೆದ ಹೆಸರು ಬಂದರೆ ಕನ್ನಡದ ದನಿ ಮೂಕಾಗಿ ಮುಂದೆ ಹೋಗುತ್ತದೆ, ಅಲ್ಲಿ ಹಾಡಿತ್ತು ಎಂಬುದೇ ಗೊತ್ತಾಗುವುದಿಲ್ಲ.

ಹಾಡಿದವರು ಯಾರು, ತಬಲಾಕ್ಕೆ ಯಾರು, ರಾಗ ಯಾವುದು ಎಂಬುದೆಲ್ಲ ಇರುವುದು ಮುಖಪುಟದ ಚಿತ್ರದಲ್ಲಿ. ಬಣ್ಣಬಣ್ಣದ ಅಕ್ಷರಗಳಲ್ಲಿ ಎಲ್ಲ ಬರೆದಿದ್ದಾರೆ ಎಂದು ಮಗ ಹೇಳುತ್ತಾನೆ. ನನ್ನ ಫೋನಿಗೆ ಅದು 'ಚಿತ್ರ', ಅಷ್ಟೆ. ಹಾಡು ಕೊಳ್ಳುವವರಲ್ಲಿ ತಬಲಾದವರ ಹೆಸರು ಕೇಳುವವರು ಎಷ್ಟು ಜನ ಎಂದು ನೀವು ಕೇಳಬಹುದು. ನಮ್ಮ ಕಡೆ ಬಹಳ ಜನ ಕೇಳುತ್ತಾರೆ.

ಎರಡನೆಯದು ಸ್ವಲ್ಪ ನಗು ಬರಿಸುವಂಥದ್ದು. ಹಾಡಿನ ಅಂಗಡಿಯಲ್ಲಿ ಮಾದರಿ ಕೇಳಿಸುತ್ತಾರೆ, ಅದು ಇರಬೇಕಾದದ್ದೇ. ಆದರೆ ಕೆಲವು ಪುಟಗಳಲ್ಲಿ ಒಳಗೆ ಕಾಲಿಟ್ಟ ಕೂಡಲೇ ಹಾಡು ತಾನಾಗಿ ಶುರುವಾಗುತ್ತದೆ. ದಾರಿ ಹೇಳುವ ಟಾಕ್‌ಬ್ಯಾಕೂ ಅದೇ ಕಿವಿಯಲ್ಲಿ, ಆಲಾಪವೂ ಅದೇ ಕಿವಿಯಲ್ಲಿ. ಹಾಡು ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಹೇಳುವ ಮಾತೇ ಹಾಡಿನೊಳಗೆ ಮುಳುಗಿಹೋಗುತ್ತದೆ. ವೆಬ್ ಪುಟಗಳು ಎಲ್ಲರಿಗೂ ಎಟುಕುವಂತಿರಬೇಕು ಎಂದು ಡಬ್ಲ್ಯೂ3ಸಿ ಎಂಬ ಸಂಸ್ಥೆ 2008ರಲ್ಲಿ ಹೊರತಂದ ಸೂತ್ರಗಳಲ್ಲಿ ಇದಕ್ಕೆಂದೇ ಒಂದು ನಿಯಮವಿದೆ: ತಾನಾಗಿ ಶುರುವಾಗುವ ಸದ್ದು 3 ಸೆಕೆಂಡಿಗಿಂತ ಹೆಚ್ಚು ನಡೆದರೆ ಅದನ್ನು ನಿಲ್ಲಿಸಲು ಇಲ್ಲವೆ ತಗ್ಗಿಸಲು ದಾರಿ ಇರಬೇಕು. ಆ ಸಾಲು ಬರೆದವರು ಯಾರೋ ಏನೋ, ಅವರ ಮನೆಯಲ್ಲಿ ಒಬ್ಬ ಕುರುಡ ಇದ್ದಿರಬೇಕು. ಈಗಿನ ಫೋನುಗಳು ಸ್ಕ್ರೀನ್ ರೀಡರ್ ಮಾತಾಡುವಾಗ ಹಾಡಿನ ದನಿಯನ್ನು ತಾವೇ ತಗ್ಗಿಸುತ್ತವೆ. ಅದೊಂದು ಪುಣ್ಯದ ಕೆಲಸ.

ಮೂರನೆಯದು 'ಕೊಳ್ಳಿ' ಎಂಬ ಗುಂಡಿ. ಈ ಲೋಕದಲ್ಲಿ ಅತಿ ಮುಖ್ಯವಾದ ಗುಂಡಿಗಳಿಗೇ ಹೆಸರಿಡುವುದನ್ನು ಮರೆಯುತ್ತಾರೆ. ಬೆಲೆಯನ್ನೇ ಗುಂಡಿ ಮಾಡಿರುತ್ತಾರೆ, ಇಲ್ಲವೆ ಒಂದು ಚೀಲದ ಚಿತ್ರ. ನಾನು ಸವರುತ್ತ ಹೋದಂತೆ 'ಗುಂಡಿ, ಗುಂಡಿ, ಗುಂಡಿ' ಎಂದು ಹೇಳುತ್ತದೆ. ಮೂರರಲ್ಲಿ ಒಂದು ಕೊಳ್ಳುವುದು, ಒಂದು ಹಂಚಿಕೊಳ್ಳುವುದು, ಒಂದು ಹಾಡನ್ನು ಮೆಚ್ಚುವುದು. ರೊಕ್ಕದ ವಿಷಯದಲ್ಲಿ ಅಂದಾಜಿಗೆ ಒತ್ತಿ ನೋಡುವ ಧೈರ್ಯ ಯಾರಿಗೆ ಬರುತ್ತದೆ?

ಆಮೇಲೆ ರೊಕ್ಕ ಕಟ್ಟುವುದು. ಇಲ್ಲಿ ನಮ್ಮ ದೇಶದ ಕುರುಡರ ಕಥೆ ಪರದೇಶದವರ ಕಥೆಗಿಂತ ಬೇರೆ. ಆನ್‌ಲೈನಿನಲ್ಲಿ ಕಾರ್ಡ್ ಬಳಸಿದರೆ ಎರಡನೆಯ ಒಂದು ರುಜುವಾತು ಬೇಕೇ ಬೇಕೆಂದು ರಿಸರ್ವ್ ಬ್ಯಾಂಕ್ 2009ರಲ್ಲಿ ನಿಯಮ ಮಾಡಿತು. ಒಳ್ಳೆಯ ನಿಯಮ, ಎಷ್ಟೋ ಮಂದಿಯ ರೊಕ್ಕ ಉಳಿಸಿದೆ. ಆದರೆ ಒಂದೇ ಹಾಡಿಗೆ ನಾನು ಕಾರ್ಡಿನ 16 ಅಂಕಿ ಒತ್ತಬೇಕು, ಬ್ಯಾಂಕಿನ ಪುಟಕ್ಕೆ ಹೋಗಬೇಕು, ಮೆಸೇಜಿಗೆ ಬಂದ ಓಟಿಪಿ ಕೇಳಿಸಿಕೊಂಡು ತಿರುಗಿ ಬ್ಯಾಂಕಿನ ಪುಟಕ್ಕೆ ಬಂದು, ಅದು ಎಲ್ಲಿ ನಿಂತಿತ್ತು ಎಂದು ಹುಡುಕಿ, ಅಂಕಿ ತುಂಬಬೇಕು. ಅಷ್ಟರಲ್ಲಿ ಹೊತ್ತು ಮುಗಿದು ಪುಟ ಮುಚ್ಚುತ್ತದೆ. ಗಡಿಯಾರ ಇಟ್ಟವನು ಕಣ್ಣಿದ್ದವನ ಬೆರಳ ಓಟವನ್ನು ಅಳೆದು ಇಟ್ಟಿರುತ್ತಾನೆ. ಕೆಲವು ಕಡೆ ಇದಕ್ಕೂ ಮೊದಲು, ನೀವು ಮನುಷ್ಯರು ಹೌದೋ ಅಲ್ಲವೋ ತೋರಿಸಿ ಎಂದು ಡೊಂಕು ಅಕ್ಷರಗಳ ಚಿತ್ರ ಇಡುತ್ತಾರೆ, ಕ್ಯಾಪ್ಚಾ ಅಂತ. ಚಿತ್ರ ಓದಲಾರದ್ದು ಯಂತ್ರ ಎಂಬುದು ಅದರ ತರ್ಕ. ಆ ತರ್ಕದ ಪ್ರಕಾರ ನಾನು ಮನುಷ್ಯನಲ್ಲ. ಸದ್ದಿನಲ್ಲಿ ಕೇಳಿಸುವ ಕ್ಯಾಪ್ಚಾ ಇರುವ ಕಡೆ ಇಂಗ್ಲಿಷ್ ಅಂಕಿಗಳನ್ನು ಗದ್ದಲದೊಳಗೆ ಸೇರಿಸಿ ಒದರಿಸುತ್ತಾರೆ, ವಾಡಿ ಸ್ಟೇಷನ್ನಿನಲ್ಲಿ ಎರಡು ಗಾಡಿ ಒಮ್ಮೆಲೇ ಬಂದಾಗಿನ ಅನೌನ್ಸ್‌ಮೆಂಟೇ ವಾಸಿ.

ಇದನ್ನೆಲ್ಲ ತಪ್ಪಿಸಿಕೊಳ್ಳಲು ಕುರುಡರು ಮಾಡುತ್ತ ಬಂದಿರುವುದು ಒಂದೇ ಉಪಾಯ. ಮಗನ ಕೈಗೆ, ನೆರೆಮನೆಯ ಹುಡುಗನ ಕೈಗೆ ಫೋನು ಕೊಟ್ಟು, ಕಾರ್ಡು ಕೊಟ್ಟು, ಪಿನ್ನನ್ನೂ ಬಾಯಿಬಿಟ್ಟು ಹೇಳುವುದು. ಎಂಥ ಒಳ್ಳೆಯ ಹುಡುಗನಾದರೂ ಸೈ, ತನ್ನ ರೊಕ್ಕದ ಗುಟ್ಟು ಇನ್ನೊಬ್ಬನ ಬಾಯಲ್ಲಿ ಇದೆ ಎಂಬುದು ಮನುಷ್ಯನಿಗೆ ಸುಖದ ಸಂಗತಿಯಲ್ಲ. ಅದಕ್ಕೇ 2016ರಲ್ಲಿ ಬಂದ ಯುಪಿಐ ನಮ್ಮ ಪಾಲಿಗೆ ದೊಡ್ಡದು. ಕಾರ್ಡಿನ ಅಂಕಿಗಳ ರಗಳೆ ಇಲ್ಲ, ಬ್ಯಾಂಕಿನ ಪುಟದ ಸುತ್ತಾಟ ಇಲ್ಲ. ಇಯರ್‌ಫೋನ್ ಕಿವಿಗೆ ಹಾಕಿ, ಪರದೆಯ ಬೆಳಕು ಆರಿಸಿ, ಬೆರಳಿಗೆ ಸಿಕ್ಕ ಅಂಕಿಯನ್ನು ಕಿವಿಯಲ್ಲೇ ಕೇಳಿಸಿಕೊಂಡು ಪಿನ್ ಒತ್ತಿದರೆ ಮುಗಿಯಿತು. ಪಕ್ಕದಲ್ಲಿ ಕೂತವರಿಗೆ ಕಾಣುವುದು ಕಪ್ಪು ಗಾಜು. ಈ ಒಂದು ವಿಷಯದಲ್ಲಿ ನಾವು ಕಣ್ಣಿದ್ದವರಿಗಿಂತ ಒಂದು ಕೈ ಮೇಲು, ಅವರ ಪಿನ್ನನ್ನು ಹೆಗಲ ಮೇಲಿಂದ ಬಗ್ಗಿ ನೋಡಬಹುದು.

ಯುಪಿಐ ತೆರೆಯುವ ಮೊದಲು ಬ್ಯಾಂಕಿನಲ್ಲಿ ಖಾತೆ ಬೇಕಲ್ಲ, ಅದಕ್ಕೆ ಗುರುತು ಖಾತ್ರಿಪಡಿಸುವ ಕೆವೈಸಿ ಬೇಕು. ಫೋನಿನ ಮೂಲಕ ಮಾಡಿದರೆ ಕ್ಯಾಮೆರಾದ ಮುಂದೆ ಮುಖವನ್ನು ಚೌಕಟ್ಟಿನೊಳಗೆ ಇಟ್ಟು ಕಣ್ಣು ಪಿಳುಕಿಸಿ ಎನ್ನುತ್ತಿದ್ದರು. ಚೌಕಟ್ಟು ಎಲ್ಲಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಈ ಪ್ರಶ್ನೆಯನ್ನು ಅಮರ್ ಜೈನ್ ಎಂಬ ದೃಷ್ಟಿಹೀನ ವಕೀಲರು ಸುಪ್ರೀಂ ಕೋರ್ಟಿಗೆ ಒಯ್ದರು. ಆ್ಯಸಿಡ್ ದಾಳಿಗೆ ತುತ್ತಾಗಿ ಕಣ್ಣು ಪಿಳುಕಿಸಲಾರದ ಪ್ರಜ್ಞಾ ಪ್ರಸೂನ್ ಮೊದಲಾದವರೂ ಅದೇ ಪ್ರಶ್ನೆ ಒಯ್ದಿದ್ದರು. 2025ರ ಏಪ್ರಿಲ್ 30ರಂದು ನ್ಯಾಯಮೂರ್ತಿ ಪಾರ್ದೀವಾಲಾ ಮತ್ತು ನ್ಯಾಯಮೂರ್ತಿ ಮಹಾದೇವನ್ ಅವರು ತೀರ್ಪು ಕೊಟ್ಟರು. ಡಿಜಿಟಲ್ ಸೌಲಭ್ಯ ಎಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿ, 20 ನಿರ್ದೇಶನಗಳನ್ನು ಕೊಟ್ಟರು. ಕಾಯ್ದೆ ಮೊದಲೇ ಇತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಕಲಮು ಎಲೆಕ್ಟ್ರಾನಿಕ್ ಮಾಧ್ಯಮ ಎಲ್ಲರಿಗೂ ಎಟುಕುವಂತಿರಬೇಕು ಎನ್ನುತ್ತದೆ. 46ನೇ ಕಲಮು, ಸೇವೆ ಕೊಡುವವರು ಸರ್ಕಾರವಿರಲಿ ಖಾಸಗಿಯವರಿರಲಿ, ನಿಯಮ ಬಂದ 2 ವರ್ಷದೊಳಗೆ ತಮ್ಮ ಸೇವೆಯನ್ನು ಹಾಗೆ ಮಾಡಬೇಕು ಎನ್ನುತ್ತದೆ. ನಿಯಮ ಬಂದದ್ದು 2017ರಲ್ಲಿ. ಲೆಕ್ಕ ನೀವೇ ಹಾಕಿಕೊಳ್ಳಿ.

ಸಂಗೀತದ ಅಂಗಡಿಯನ್ನೇ ಕಟಕಟೆಗೆ ಹತ್ತಿರ ತಂದ ಒಂದು ಪ್ರಸಂಗ ಅಮೆರಿಕದಲ್ಲಿ ನಡೆದಿದೆ. ಆ್ಯಪಲ್ ಕಂಪನಿಯ ಐಟ್ಯೂನ್ಸ್ ಸ್ಟೋರ್ 2003ರ ಏಪ್ರಿಲಿನಲ್ಲಿ ತೆರೆಯಿತು. ಒಂದೊಂದೇ ಹಾಡನ್ನು ಬಿಡಿಯಾಗಿ ಕೊಳ್ಳುವ ರೂಢಿಯನ್ನು ಲೋಕಕ್ಕೆಲ್ಲ ಹಚ್ಚಿದ್ದು ಅದೇ. ಐದು ವರ್ಷವಾದರೂ ಅದರ ಬಹುಭಾಗ ಸ್ಕ್ರೀನ್ ರೀಡರಿಗೆ ಕಲ್ಲುಗೋಡೆಯಾಗಿತ್ತು. ಅಲ್ಲಿಯ ಕುರುಡರ ರಾಷ್ಟ್ರೀಯ ಒಕ್ಕೂಟ ಮತ್ತು ಮ್ಯಾಸಚೂಸೆಟ್ಸ್ ರಾಜ್ಯದ ಅಟಾರ್ನಿ ಜನರಲ್ ಮಾರ್ಥಾ ಕೋಕ್ಲಿ ಬೆನ್ನು ಹತ್ತಿದರು. 2008ರ ಸೆಪ್ಟೆಂಬರಿನಲ್ಲಿ ಒಪ್ಪಂದವಾಯಿತು: ಕಾಲೇಜು ಪಾಠಗಳಿರುವ ಭಾಗವನ್ನು ಆ ವರ್ಷದ ಕೊನೆಯೊಳಗೆ, ಉಳಿದ ಅಂಗಡಿಯನ್ನು 2009ರ ಜೂನ್ ಕೊನೆಯೊಳಗೆ ಕುರುಡರಿಗೆ ಎಟುಕುವಂತೆ ಮಾಡಬೇಕು, ಜತೆಗೆ ರಾಜ್ಯದ ಕುರುಡರ ಆಯೋಗಕ್ಕೆ 2,50,000 ಡಾಲರ್ ಕೊಡಬೇಕು. ಗಮನಿಸಿ, ಈ ಒಪ್ಪಂದದಲ್ಲಿ ಮೊದಲ ಗಡುವು ಸಿಕ್ಕಿದ್ದು ಹಾಡಿಗಲ್ಲ, ಕಾಲೇಜಿನ ಪಾಠಕ್ಕೆ. ಓದು ಎಂದರೆ ಹಕ್ಕು, ಹಾಡು ಎಂದರೆ ಶೋಕಿ ಎಂಬ ಭಾವನೆ ಅಲ್ಲಿಯೂ ಇದ್ದೇ ಇತ್ತು. ಪಾಠದ ಬೆನ್ನ ಮೇಲೆ ಕೂತು ಹಾಡೂ ಹೊಳೆ ದಾಟಿತು. 2012ರ ಡಿಸೆಂಬರಿನಲ್ಲಿ ಆ ಅಂಗಡಿ ಭಾರತಕ್ಕೆ ಬರುವಾಗ ದಾರಿ ಆಗಲೇ ಸವೆದಿತ್ತು. ಮ್ಯಾಸಚೂಸೆಟ್ಸಿನ ಯಾರದೋ ಜಗಳದ ಫಲವನ್ನು ನಮ್ಮ ಚಿತ್ತಾಪುರ ತಾಲ್ಲೂಕಿನವರು ಉಣ್ಣುವಂತಾಯಿತು, ಐಫೋನ್ ಕೊಳ್ಳುವ ಶಕ್ತಿ ಇದ್ದವರು ಎಂದು ಸೇರಿಸಬೇಕು.

ಅಗ್ಗದ ಅಂಗಡಿಯೊಂದು ಬೆಂಗಳೂರಿನಲ್ಲೇ ಹುಟ್ಟಿತ್ತು. ಫ್ಲಿಪ್‌ಕಾರ್ಟಿನವರು 2012ರಲ್ಲಿ 'ಫ್ಲೈಟ್' ಎಂಬ ಹೆಸರಿನಲ್ಲಿ ಹಾಡು ಮಾರಲು ಕೂತರು. ಬಿಡಿ ಹಾಡು 6 ರೂಪಾಯಿಯಿಂದ ಶುರು, ಬೀಗವಿಲ್ಲದ ಎಂಪಿ3. ಒಮ್ಮೆ ಇಳಿಸಿಕೊಂಡರೆ ಯಾವ ಫೋನಿನಲ್ಲಿಯಾದರೂ ಹಾಕು. ಒಂದೂವರೆ ವರ್ಷವೂ ತುಂಬಲಿಲ್ಲ, 2013ರ ಜೂನಿನಲ್ಲಿ ಬಾಗಿಲು ಹಾಕಿದರು. ಪೈರಸಿ ಮತ್ತು ಸಣ್ಣ ಮೊತ್ತದ ರೊಕ್ಕ ಕಟ್ಟಲು ಸುಲಭ ದಾರಿ ಇಲ್ಲದಿರುವುದು ಕಾರಣ ಎಂದರು. ಆ ಎರಡನೆಯ ಕಾರಣ ಕೇಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಸಣ್ಣ ಮೊತ್ತ ಕಟ್ಟುವ ದಾರಿ ಮೂರೇ ವರ್ಷದಲ್ಲಿ ಯುಪಿಐ ಆಗಿ ಬಂತು, ಈಗ ರಾವೂರ ಜಾತ್ರೆಯಲ್ಲಿ ಮಿರ್ಚಿ ಭಜಿಗೂ ಕ್ಯೂಆರ್ ಚೀಟಿ ಅಂಟಿಸಿರುತ್ತಾರೆ. ದಾರಿ ಬರುವ ಹೊತ್ತಿಗೆ ಅಂಗಡಿ ಇರಲಿಲ್ಲ. ಗೂಗಲ್‌ನವರು 2016ರಲ್ಲಿ ಇಲ್ಲಿ ಹಾಡು ಮಾರಲು ಶುರುಮಾಡಿ 2020ರಲ್ಲಿ ನಿಲ್ಲಿಸಿದರು.

ಈಗ ಎಲ್ಲರೂ ಬಾಡಿಗೆಗೆ ಹೋಗಿದ್ದಾರೆ. ತಿಂಗಳಿಗೆ ಇಷ್ಟು ಕೊಡು, ಕೋಟಿ ಹಾಡು ಕೇಳು. ಕುರುಡರಿಗೆ ಇದರಿಂದ ಅನುಕೂಲವೇ ಆಗಿದೆ ಎಂದು ಒಪ್ಪಬೇಕು. ರೊಕ್ಕ ಕಟ್ಟುವ ಹರಸಾಹಸ ಒಂದೇ ಸಲ. ಫೋನಿಗೆ ಬಾಯಿಮಾತಿನಲ್ಲೇ ಹೇಳಿದರೆ ಹಾಡು ಹಚ್ಚುತ್ತದೆ. ಆದರೆ ಅದಕ್ಕೆ ಬೆಂಗಳೂರಿನ ಸಿನಿಮಾ ಹಾಡು ತಿಳಿಯುವಷ್ಟು ಸಲೀಸಾಗಿ ನಮ್ಮ ಕಡೆಯ ಮಾತು ತಿಳಿಯುವುದಿಲ್ಲ, ಜಲಾಲಸಾಬರ ತತ್ವಪದ ಹಚ್ಚು ಎಂದರೆ ಯಾವುದೋ ಹಿಂದಿ ಡಿಸ್ಕೊ ಶುರುಮಾಡುತ್ತದೆ. ಇನ್ನೊಂದು ತಕರಾರು: ಆ್ಯಪಿನವರು ತಿಂಗಳಿಗೊಮ್ಮೆ ಮನೆಯ ಸಾಮಾನು ಜರುಗಿಸುತ್ತಾರೆ. ನಿನ್ನೆ ಮೂರನೆಯ ಸವರಿಗೆ ಸಿಗುತ್ತಿದ್ದ ನನ್ನ ಯಾದಿ ಇವತ್ತು ಹೆಸರಿಲ್ಲದ ಗುಂಡಿಯ ಹಿಂದೆ ಅಡಗಿರುತ್ತದೆ. ಕಣ್ಣಿದ್ದವರಿಗೆ ಇದು ಹೊಸ ಬಣ್ಣ. ನಮಗೆ ರಾತ್ರೋರಾತ್ರಿ ಯಾರೋ ಕತ್ತಲಲ್ಲಿ ಬಾಗಿಲು ಕಿತ್ತು ಇನ್ನೊಂದು ಗೋಡೆಗೆ ಇಟ್ಟ ಹಾಗೆ.

ಕೊಂಡು ಇಳಿಸಿಕೊಂಡ ಹಾಡಿನ ಬೆಲೆ ಗೊತ್ತಾಗುವುದು ಇಲ್ಲಿ. ಅಣ್ಣನ ಮಗ ಕೇಳುತ್ತಾನೆ, 'ಕಾಕಾ, ಯೂಟ್ಯೂಬಿನ್ಯಾಗ ಪುಕ್ಕಟ ಸಿಗ್ತದ, ರೊಕ್ಕ ಯಾಕ ಕೊಡ್ತಿ?' ನಾನು ಹೇಳುವುದು ಇಷ್ಟೇ: 'ಇದು ನನ್ನ ಕಾರ್ಡಿನ್ಯಾಗ ಅದ, ನಾ ಇಟ್ಟ ಜಾಗದಾಗ ಅದ, ನಾ ಇಟ್ಟ ಹೆಸರಿಲೆ ಅದ. ನಡುವ ಯಾರೂ ಬಂದು ಸಾಬೂನಿನ ಜಾಹೀರಾತ ಹೇಳೂದಿಲ್ಲ.' ಹಾಡನ್ನು ಇಳಿಸಿಕೊಂಡ ಮೇಲೆ ನಾನು ಅದರ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದುಬಿಡುತ್ತೇನೆ, ಮೊದಲು ಹಾಡಿದವರು, ಆಮೇಲೆ ರಾಗ ಅಥವಾ ಪದ, ಕೊನೆಗೆ ಜತೆಗಾರರು. ತಗಡಿನ ದನಿ ಅದನ್ನು ಸ್ವಚ್ಛವಾಗಿ ಓದುತ್ತದೆ. ಹಾಡು ಹಾಡಿದವರಿಗೆ ನಾನು ಕೊಟ್ಟ ರೊಕ್ಕದಲ್ಲಿ ಎಷ್ಟು ತಲುಪುತ್ತದೆ ಎಂಬುದು ಬೇರೆ ವ್ಯವಹಾರ. ಆದರೆ ಮೆಮೊರಿ ಕಾರ್ಡಿನ ಅಂಗಡಿಯಲ್ಲಿ ಕೊಟ್ಟ ಹತ್ತು ರೂಪಾಯಿಯಲ್ಲಿ ತಲುಪುತ್ತಿದ್ದುದಕ್ಕಿಂತ ಹೆಚ್ಚೇ ತಲುಪುತ್ತದೆ.

ಈ ಮಾತನ್ನು ಕೇಳುತ್ತಿರುವವರಲ್ಲಿ ಹಾಡುವವರೂ ಇದ್ದೀರಿ. ನಮ್ಮ ಭಾಗದ ಭಜನಾ ಮೇಳದವರು, ತತ್ವಪದದವರು, ಮೊಹರಂ ಪದದವರು ಈಗ ತಾವೇ ಮುದ್ರಿಸಿ ತಾವೇ ಇಂಟರ್‌ನೆಟ್ಟಿಗೆ ಏರಿಸುತ್ತಿದ್ದೀರಿ. ಬೆಂಗಳೂರಿನ ಕಂಪನಿಯ ಮರ್ಜಿ ಬೇಕಿಲ್ಲ. ಹಾಗೆ ಏರಿಸುವಾಗ ಹಾಡಿನ ಹೆಸರನ್ನು ಕನ್ನಡ ಅಕ್ಷರದಲ್ಲಿಯೂ ಬರೆಯಿರಿ, ಯೂನಿಕೋಡ್‌ನಲ್ಲಿ ಬರೆಯಿರಿ. ಹಳೆಯ 'ನುಡಿ' ಫಾಂಟಿನಲ್ಲಿ ಬರೆದದ್ದು ನಿಮ್ಮ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಂಡರೂ ನನ್ನ ಫೋನಿಗೆ ಇಂಗ್ಲಿಷಿನ ಕಸಕಡ್ಡಿಯಂತೆ ಕೇಳಿಸುತ್ತದೆ. ಪದ ಬರೆದವರ ಹೆಸರು, ಹಾಡಿದವರ ಹೆಸರು, ಪೆಟ್ಟಿಗೆ, ತಬಲಾ, ತಾಳದವರ ಹೆಸರು ಚಿತ್ರದಲ್ಲಿ ಇದ್ದರೆ ಇರಲಿ, ಕೆಳಗೆ ಅಕ್ಷರದಲ್ಲಿಯೂ ಇರಲಿ. ಮುದ್ರಣದಲ್ಲಿ ಹಾಡು ಶುರುಮಾಡುವ ಮೊದಲು ಅರ್ಧ ನಿಮಿಷ ಬಾಯಿಬಿಟ್ಟೇ ಹೇಳಿಬಿಟ್ಟರಂತೂ ಇನ್ನೂ ಒಳ್ಳೆಯದು, ಯಾವ ಊರು, ಯಾವ ಮೇಳ ಅಂತ.

ಮಾರುವ ಮನಸ್ಸಿದ್ದರೆ ಯುಪಿಐ ನಂಬರನ್ನೂ ಅಂಕಿಯಲ್ಲಿ ಬರೆಯಿರಿ. ಬರೀ ಕ್ಯೂಆರ್ ಚೌಕ ಹಾಕಿದರೆ ಅದರ ಕಡೆಗೆ ಕ್ಯಾಮೆರಾ ಹಿಡಿಯಲು ನಾನು ಮತ್ತೆ ಯಾರನ್ನಾದರೂ ಕರೆಯಬೇಕಾಗುತ್ತದೆ.